ಅವ್ವನ ಒರಳುಕಲ್ಲು

ಹೊಸದುರ್ಗದ ಸಾಹಿತ್ಯ ಸಮ್ಮೇಳನದಲ್ಲಿ ಎರಡನೆಯ ದಿನ ಅನ್ನ ಬೇಯುವುದು ತಡವಾಗದೇ ಇದ್ದಿದ್ದರೆ ತಾಳ್ಯದ ಪರಮೇಶ್ವರಪ್ಪ ಎಲ್ಲರಂತೆ ಹತ್ತು ನಿಮಿಷ ಮಾತಾಡಿ, ಶಾಲು ಹೊದೆಸಿಕೊಂಡು, ಊಟ ಮುಗಿಸಿ ಸುಮ್ಮನೆ ಊರಿಗೆ ಬರುತ್ತಿದ್ದ. ಆದರೆ ಅಡುಗೆಯವರಿಗೆ ಗ್ಯಾಸು ಕೈಕೊಟ್ಟಿತು. ಊಟದ ಚಪ್ಪರದಿಂದ ಯಾರೋ ಓಡಿಬಂದು ನಿರೂಪಕರ ಕಿವಿಯಲ್ಲಿ ಪಿಸುಗುಟ್ಟಿದರು. ಗಂಟೆ ಬಾರಿಸಲು ಎತ್ತಿದ ಕೈಯನ್ನು ನಿರೂಪಕರು ಕೆಳಗಿಳಿಸಿ, ಇನ್ನೂ ಮಾತಾಡಿ, ಇನ್ನೂ ಮಾತಾಡಿ ಎಂದು ಸನ್ನೆ ಮಾಡಿದರು. ಜನ್ಮದಲ್ಲಿ ಮೊದಲ ಸಲ ಮೈಕು ಸಿಕ್ಕಿದ ಮನುಷ್ಯನಿಗೆ ಹಾಗೆಲ್ಲ ಸನ್ನೆ ಮಾಡಬಾರದು.

ಗೋಷ್ಠಿಯ ಹೆಸರು 'ನೆನಪಿನ ಬುತ್ತಿ'. ಪರಮೇಶ್ವರಪ್ಪ ತೀರಿಹೋದ ತನ್ನ ತಾಯಿಯ ಹುಚ್ಚೆಳ್ಳು ಚಟ್ನಿಯ ಬಗ್ಗೆ ಮಾತಾಡುತ್ತಿದ್ದ. ಎದುರಿಗೆ ಕೂತವರು ಹಸಿದಿದ್ದರು. ಬಿಸಿ ರಾಗಿ ರೊಟ್ಟಿ ಎಂದಾಗ ಮುಂದಿನ ಸಾಲಿನವರು ನೆಟ್ಟಗೆ ಕೂತರು. ಕೆಂಡದಲ್ಲಿ ಸುಟ್ಟ ಬೆಳ್ಳುಳ್ಳಿ ಎಂದಾಗ ಹಿಂದಿನವರು ಮುಂದಕ್ಕೆ ಬಂದರು. ಅವನಿಗೆ ಹುರುಪೇರಿತು.

"ಬೆಳಗಿನ ಜಾವ ಕೌದಿಯೊಳಗೆ ಮುದುರಿ ಮಲಗಿದ್ದರೆ ಹಿತ್ತಲ ಕಡೆಯಿಂದ ಕಲ್ಲು ತಿರುಗುವ ಸದ್ದು ಬರೋದು. ಗರ ಗರ, ಗರ ಗರ. ಅವ್ವ ಎದ್ದಿದ್ದಾಳೆ, ಇನ್ನು ಲೋಕಕ್ಕೆ ಏನೂ ಆಗಲ್ಲ ಅನ್ನೋ ಧೈರ್ಯ. ಮತ್ತೆ ನಿದ್ದೆ. ಎದ್ದು ಕೂತರೆ ಅವ್ವ ತಾನೇ ತಟ್ಟೆ ತಂದು ಬಡಿಸೋಳು. ಮೊದಲು ಹುಚ್ಚೆಳ್ಳಿನ ಘಮ, ಆಮೇಲೆ ಖಾರ, ಕೊನೆಗೆ ನಾಲಿಗೆಯ ತುದಿಯಲ್ಲಿ ಬೆಲ್ಲದ ಒಂಚೂರು ಸಿಹಿ. ಆ ಸಿಹಿ ಈಗೆಲ್ಲಿದೆ ಸ್ವಾಮಿ? ಮಿಕ್ಸಿ ಬಂತು, ಅದು ಹೋಯಿತು."

ಸಭೆ ನಿಟ್ಟುಸಿರು ಬಿಟ್ಟಿತು. ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಆದರೆ ನನ್ನ ಅವ್ವನ ಒರಳುಕಲ್ಲು ಇವತ್ತಿಗೂ ನಮ್ಮ ಮನೆಯಲ್ಲಿ ಹಾಗೇ ಇದೆ. ದಿನಾ ಅದರಲ್ಲೇ ಚಟ್ನಿ. ಮಿಕ್ಸಿಗೆ ನಮ್ಮ ಹೊಸ್ತಿಲು ದಾಟಲು ನಾನು ಬಿಟ್ಟಿಲ್ಲ."

ಚಪ್ಪಾಳೆ ನಿಲ್ಲಲಿಲ್ಲ. ತಾಳ್ಯದವರು ಯಾರಾದರೂ ಅಲ್ಲಿದ್ದಿದ್ದರೆ ಕುರ್ಚಿಯಿಂದ ಕೆಳಗೆ ಬೀಳುತ್ತಿದ್ದರು. ಯಾಕೆಂದರೆ ಪರಮೇಶ್ವರಪ್ಪನದು ತಾಳ್ಯದ ಬಸ್‌ಸ್ಟ್ಯಾಂಡ್ ಹತ್ತಿರ ಮೋಟರ್ ವೈಂಡಿಂಗ್ ಅಂಗಡಿ. ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರು, ಉಳಿದ ಕಾಲದಲ್ಲಿ ಹೋಬಳಿಯ ಅಷ್ಟೂ ಮನೆಗಳ ಮಿಕ್ಸಿ. ಮಿಕ್ಸಿ ಕೆಟ್ಟರೆ ಅವನ ಮನೆಯಲ್ಲಿ ಒಲೆ ಉರಿಯುತ್ತದೆ. ತಾಮ್ರದ ತಂತಿ ಸುತ್ತುತ್ತಲೇ ಅವನು ಹಳೆಯ ದಿನಗಳ ಬಗ್ಗೆ ಬರೆಯುವುದು. ಬರೆದು ಬರೆದು 'ಅವ್ವನ ಕಾಲ' ಎಂಬ ಪುಸ್ತಕದಷ್ಟಾಗಿತ್ತು. ಚಿತ್ರದುರ್ಗದ ಪ್ರಕಾಶಕರೊಬ್ಬರು, ಪ್ರೊಫೆಸರ್ ಶಿವಕುಮಾರಪ್ಪನವರಿಂದ ಮುನ್ನುಡಿ ಬರೆಸಿಕೊಂಡು ಬಂದರೆ ಅಚ್ಚು ಹಾಕುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದಿದ್ದರು. ಮುನ್ನುಡಿ ಕೇಳಲೆಂದೇ ಅವನು ಸಮ್ಮೇಳನಕ್ಕೆ ಹೋಗಿದ್ದು. ಮೊದಲ ದಿನವೇ ಕೈಬರಹದ ಹಾಳೆಗಳನ್ನು ಪ್ರೊಫೆಸರಿಗೆ ತೋರಿಸಿ ಕೇಳಿದ್ದ, ನೋಡೋಣ ಎಂದಿದ್ದರು.

ಆ ಶಿವಕುಮಾರಪ್ಪನವರೇ ಸಮ್ಮೇಳನಾಧ್ಯಕ್ಷರು. ಚಪ್ಪಾಳೆಯ ನಡುವೆ ಎದ್ದುನಿಂತು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನನ್ನ ತಾಯಿ ಹೋದ ಮೇಲೆ ಕಲ್ಲಿನ ಚಟ್ನಿ ತಿಂದಿಲ್ಲ ನಾನು. ನಾಳೆ ಚಿತ್ರದುರ್ಗಕ್ಕೆ ವಾಪಸ್ ಹೋಗುವಾಗ ತಾಳ್ಯದ ಮೇಲೆ ಬರ್ತೀನಿ. ಆ ಕಲ್ಲಿನ ಮುಂದೆ ಕೂತು ಮಧ್ಯಾಹ್ನದ ಊಟ. ಉಂಡ ಕೈಯಲ್ಲೇ ನಿಮ್ಮ ಮುನ್ನುಡಿ."

ಪರಮೇಶ್ವರಪ್ಪ ಕೈಮುಗಿದ. ಇನ್ನೇನು ಮಾಡಿಯಾನು.

ಆ ರಾತ್ರಿ ಕಲ್ಯಾಣಮಂಟಪದ ಜಮಖಾನದ ಮೇಲೆ ಅವನಿಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ. ಹೊದೆಸಿದ ಶಾಲು ಹೆಗಲ ಮೇಲಿತ್ತು, ಸಮ್ಮೇಳನದ ಚೀಲ ತೊಡೆಯ ಮೇಲಿತ್ತು, ಎದೆಯ ಮೇಲಿನ ಬ್ಯಾಡ್ಜನ್ನು ಬೇಕೆಂದೇ ತೆಗೆದಿರಲಿಲ್ಲ. ಹೊರಗೆ ಹೊಲಗಳಲ್ಲಿ ಮಂಜು ಏಳುತ್ತಿತ್ತು. ಕುರಿಹಿಂಡೊಂದು ರಸ್ತೆ ದಾಟುವವರೆಗೆ ಬಸ್ಸು ನಿಂತಿತು. ಕುರಿಗಳ ಉಣ್ಣೆಯ ವಾಸನೆ ಕಿಟಕಿಯೊಳಗೆ ಬಂದಾಗ ಅವನಿಗೆ ಹಳೆಯ ಮನೆ ನೆನಪಾಯಿತು. ಮಣ್ಣಿನ ನೆಲ, ಮೂಲೆಯಲ್ಲಿ ಕಂಬಳಿ, ಹಿತ್ತಲ ಬಾಗಿಲ ಪಕ್ಕದಲ್ಲಿ ನೆಲದಲ್ಲಿ ಹೂತಿದ್ದ ಕಲ್ಲು. ಮದುವೆಯಾದ ಹೊಸತು. ಚಳಿಗೆ ಕೌದಿ ಎಳೆದುಕೊಂಡರೆ ಆ ಗರ ಗರ ಸದ್ದು. ಅಂಥ ಬೆಳಗು ಮತ್ತೆ ಬರಲೇ ಇಲ್ಲವಲ್ಲ ಎಂದು ಮರುಗಿದ. ಆಮೇಲೆ, ಆ ಕಲ್ಲು ಈಗ ಎಲ್ಲಿರಬಹುದು ಎಂಬ ಪ್ರಶ್ನೆ ಎದ್ದಿತು.

ಹೆಂಡತಿ ಕೊಟ್ರಮ್ಮನಿಗೆ ಫೋನು ಮಾಡಿದ.

"ಲೇ, ಮಧ್ಯಾಹ್ನ ಅಧ್ಯಕ್ಷರು ಊಟಕ್ಕೆ ಬರ್ತಾರೆ. ನಮ್ಮ ಒಳ್ಕಲ್ಲು ಎಲ್ಲೈತೆ?"

"ಯಾವ ಒಳ್ಕಲ್ಲು? ದಿನಾ ರುಬ್ಬೋದಾ?" ಎಂದಳು ಕೊಟ್ರಮ್ಮ.

"ಯಾರು ಹೇಳಿದ್ರು ನಿನಗೆ?"

"ಎದುರುಮನೆ ಗಿರೀಶ ಭಾಷಣದ ವಿಡಿಯೊ ಫೋನಲ್ಲಿ ತೋರಿಸಿದ. ಪೂರ್ತಿ ಕೇಳ್ದೆ. ಬರ್ರಿ." ಫೋನಿಟ್ಟಳು.

ಮೂವತ್ತು ವರ್ಷಕ್ಕೂ ಮೀರಿದ ಸಂಸಾರದಲ್ಲಿ ಕೊಟ್ರಮ್ಮ ಬೈದರೆ ಅವನು ಹೆದರಿದವನಲ್ಲ. ಬೈಯದೆ 'ಬರ್ರಿ' ಎಂದಾಗ ಮಾತ್ರ ಹೆದರುತ್ತಿದ್ದ.

ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಬೇಕು. ನಿಲ್ದಾಣದಲ್ಲಿ ಆ ಗಿರೀಶನೇ ಸಿಕ್ಕಿದ. ಕಂಕುಳಲ್ಲಿ ಗೋಣಿಚೀಲ ಸುತ್ತಿದ ಒಂದು ಡಬ್ಬ.

"ಪರಮೇಶಣ್ಣ, ಭಾಷಣ ಭಾಳ ಚೆನ್ನಾಗಿತ್ತು. ಬೀದಿ ಗ್ರೂಪಿಗೆ ಹಾಕಿದ್ದೀನಿ. ನಮ್ಮವ್ವ ಅತ್ತುಬಿಟ್ಲು."

"ಕಂಕುಳಾಗೆ ಏನದು?"

"ನಮ್ಮ ಮಿಕ್ಸಿ. ಮೊನ್ನೆ ನೀವೇ ವೈಂಡಿಂಗ್ ಮಾಡಿ ಕೊಟ್ರಲ್ಲ, ಅದೇ. ಇನ್ನು ನಮ್ಮನ್ಯಾಗೂ ಬ್ಯಾಡ ಅಂದ್ಲು ಅವ್ವ. ಇಲ್ಲಿ ಮಾರಾಕೆ ತಂದೆ. ಬೀದಿಯಾಗೆ ಇನ್ನೂ ನಾಲ್ಕು ಮನೆಯವ್ರು ಕೇಳ್ತಾ ಅವ್ರೆ, ಮಾರಿದ್ರೆ ಎಷ್ಟು ಬರುತ್ತೆ ಅಂತ."

ಪರಮೇಶ್ವರಪ್ಪನಿಗೆ ತನ್ನ ಅಂಗಡಿಯ ಬಾಗಿಲು ತಾನೇ ಮುಚ್ಚಿಕೊಂಡಂತೆ ಕಂಡಿತು. "ಲೇ ಗಿರೀಶ, ಅದು ಸಾಹಿತ್ಯ ಕಣಪ್ಪ. ಸಾಹಿತ್ಯ ಬೇರೆ, ಮಿಕ್ಸಿ ಬೇರೆ. ನಡಿ, ವಾಪಸ್ ತಗೊಂಡು ಹೋಗಾಣ" ಎಂದು ಅವನ ಕೈ ಹಿಡಿದು ತಾಳ್ಯದ ಬಸ್ಸು ಹತ್ತಿಸಿದ. ದಾರಿಯಲ್ಲಿ ನಿಜವನ್ನೂ ಹೇಳಿಕೊಂಡ. ಹೇಳಬಾರದಿತ್ತು. ಬಸ್ಸಿನಲ್ಲಿ ಅರ್ಧ ತಾಳ್ಯವೇ ಇತ್ತು.

ಮನೆಗೆ ಬಂದಾಗ ಕೊಟ್ರಮ್ಮ ಜಗಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತಿ ಶಾಲನ್ನೂ ಬ್ಯಾಡ್ಜನ್ನೂ ನೋಡಿ ಮತ್ತೆ ಮೊರಕ್ಕೆ ಕಣ್ಣಿಳಿಸಿದಳು.

"ಟೈಲ್ಸ್ ಹಾಕ್ಸಾವಾಗ ಕಿತ್ತು ಹೊರಗೆ ಹಾಕ್ಸಿದ್ದು ನೀವೇ. ಕಲ್ಲು ಹುಲಿಗೆಮ್ಮಜ್ಜಿ ಕೋಳಿಗೆ ನೀರಿಡಾಕೆ ಉರುಳಿಸ್ಕೊಂಡು ಹೋದ್ಲು."

"ಗುಂಡು?" ಗುಂಡೆಂದರೆ ಕಲ್ಲಿನ ಗುಳಿಯೊಳಗೆ ಕೂತು ತಿರುಗುವ ಉದ್ದನೆಯ ಕರಿಕಲ್ಲು. ಅದಿಲ್ಲದೆ ಒರಳು ಬರೀ ನೀರಿನ ತೊಟ್ಟಿ.

"ಅದನ್ನ ನೀವು ದಿನಾ ನೋಡ್ತೀರಿ."

"ಎಲ್ಲಿ?"

"ಅಂಗಡಿಗೆ ಹೋಗಾವಾಗ ಚಪ್ಪಲಿ ಬಿಟ್ಟು ಕೈಮುಗಿತೀರಲ್ಲ, ಬೇವಿನ ಮರದ ಕೆಳಗೆ. ಅದೇ."

ಪರಮೇಶ್ವರಪ್ಪ ಜಗಲಿಯ ಕಂಬ ಹಿಡಿದುಕೊಂಡ. ಟೈಲ್ಸ್ ಕೆಲಸದವರು ಗುಂಡನ್ನು ಬೇವಿನ ಬುಡಕ್ಕೆ ಬಿಸಾಡಿ ಹೋಗಿದ್ದರು. ಯಾರೋ ಎತ್ತಿ ನಿಲ್ಲಿಸಿದರು. ಯಾರೋ ವಿಭೂತಿ ಹಚ್ಚಿದರು. ಬೀದಿಯ ಕೊನೆಮನೆಯ ಬರಗೇರಮ್ಮ ಹರಕೆ ಕಟ್ಟಿಕೊಂಡ ದಿನವೇ ಅವಳ ಮೊಮ್ಮಗಳ ಜ್ವರ ಬಿಟ್ಟಿತು. ಅಲ್ಲಿಂದ ಅದು ಗುಂಡಪ್ಪಸ್ವಾಮಿ. ಸೋಮವಾರ ಕಾಯಿ, ಅಮಾವಾಸ್ಯೆಗೆ ಅಭಿಷೇಕ. ಮೋಟರು ಸುಟ್ಟುಹೋಗಿ ಬರಲಿ, ವ್ಯಾಪಾರ ಆಗಲಿ ಎಂದು ಅವನು ಇಷ್ಟು ವರ್ಷ ಬೇಡಿಕೊಂಡದ್ದು ತನ್ನ ಮನೆಯ ಚಟ್ನಿ ಗುಂಡಿಗೆ.

ಮೊದಲು ಹುಲಿಗೆಮ್ಮನ ಹಿತ್ತಲಿಗೆ ಓಡಿದ. ಹುಲಿಗೆಮ್ಮ ಅವನ ತಾಯಿಯ ಓರಗೆಯವಳು. ಹಲ್ಲಿಲ್ಲ, ನೆನಪಿದೆ. ಕೋಳಿಗಳು ಕಲ್ಲಿನ ಸುತ್ತ ನೀರು ಕುಡಿಯುತ್ತಿದ್ದವು.

"ತಗಂಡು ಹೋಗಪ್ಪ, ನಿಮ್ಮದೇ ಐತೆ. ಕೋಳಿಗೆ ಒಂದು ಹಳೇ ಬಕೀಟು ಕೊಡು ಸಾಕು" ಎಂದಳು. ಆಮೇಲೆ ಅವನ ಮುಖವನ್ನೇ ನೋಡಿ, "ಅಲ್ಲ ಪರ್ಮೇಶಿ, ನಿಮ್ಮವ್ವನ ಚಟ್ನಿಯಾಗೆ ಬೆಲ್ಲ ಇತ್ತು ಅಂದ್ಯಂತೆ?"

"ಇತ್ತು ದೊಡ್ಡವ್ವ. ಇವತ್ತಿಗೂ ನಾಲಿಗೆ ಮೇಲೈತೆ."

"ಯಾವ ನಾಲಿಗೆ ನಿಂದು? ಚಟ್ನಿಗೆ ಬೆಲ್ಲ ಹಾಕಾದು ಅಂದ್ರೆ ನಿಮ್ಮವ್ವಗೆ ಮೈ ಉರಿಯೋದು. ಅದು ಚಟ್ನಿನೋ ಪಾಯಸನೋ ಅಂತಿದ್ಲು. ನಮ್ಮ ಕಡೆ ಯಾರಪ್ಪ ಬೆಲ್ಲ ಹಾಕ್ತಾರೆ?"

ಅಜ್ಜಿಗೆ ವಯಸ್ಸಾಯಿತು, ಪಾಪ, ಎಂದುಕೊಂಡ ಪರಮೇಶ್ವರಪ್ಪ. ಅವನೂ ಗಿರೀಶನೂ ಸೇರಿ ಕಲ್ಲನ್ನು ಬೀದಿಯುದ್ದಕ್ಕೂ ಉರುಳಿಸಿಕೊಂಡು ಬಂದು ಹಿತ್ತಲಲ್ಲಿ ಕೂರಿಸಿದರು. ಕೋಳಿಗಳು ಅಷ್ಟು ದೂರ ಹಿಂದೆಯೇ ಬಂದವು.

ಬೇವಿನ ಮರದ ಕೆಳಗಿನ ಕೆಲಸ ಇಷ್ಟು ಸಲೀಸಾಗಿರಲಿಲ್ಲ. ಬರಗೇರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಗುಂಡಪ್ಪಸ್ವಾಮಿಯ ಮುಂದೆ ಕೂತಿದ್ದಳು. ಸುದ್ದಿ ಅವಳಿಗೆ ಅವನಿಗಿಂತ ಮೊದಲೇ ಮುಟ್ಟಿತ್ತು.

"ದೇವರನ್ನ ಚಟ್ನಿ ರುಬ್ಬಾಕೆ ಕೇಳ್ತೀಯಲ್ಲ, ನಿನಗೆ ಬಾಯಾದ್ರೂ ಹೆಂಗೆ ಬಂತು ಪರಮೇಶಣ್ಣ?"

"ಬರಗೇರಕ್ಕ, ದೇವರಾಗೋಕೆ ಮುಂಚೆ ಅದು ನಮ್ಮನೆ ಗುಂಡು."

"ಹಂಗೆ ನೋಡಿದ್ರೆ ಎಲ್ಲ ದೇವ್ರೂ ಮುಂಚೆ ಕಲ್ಲೇ. ನಿನ್ನ ಮಾತು ನಾನು ಕೇಳಲ್ಲ, ನನ್ನ ಮಾತು ನೀನು ಕೇಳ್ಬ್ಯಾಡ. ಹೂ ಕೇಳಾಣ. ಬಲಕ್ಕೆ ಬಿದ್ರೆ ಎತ್ತಿಕೊಂಡು ಹೋಗು. ಎಡಕ್ಕೆ ಬಿದ್ರೆ ನಿಮ್ಮ ಅಧ್ಯಕ್ಷರಿಗೆ ಹೋಟೆಲ್ ಇಡ್ಲಿ ತಿನ್ನಿಸು."

ಗುಂಡಿನ ಎರಡು ಪಕ್ಕಕ್ಕೆ ನೀರು ಹಚ್ಚಿ ಎರಡು ಸೇವಂತಿಗೆ ಅಂಟಿಸಿದಳು. ಬೀದಿಯೇ ನೆರೆಯಿತು. ದೇವರು ಮನಸ್ಸು ಮಾಡುವವರೆಗೆ ಯಾರೂ ಮಾತಾಡುವ ಹಾಗಿಲ್ಲ. ಪರಮೇಶ್ವರಪ್ಪ ಕೈಮುಗಿದು ನಿಂತು ಬಲಗಡೆಯ ಹೂವನ್ನೇ ದಿಟ್ಟಿಸಿದ. ಎಡಗಡೆಯ ಹೂವು ಸಣ್ಣಗೆ ಜಾರಿತು. ಅವನ ಎದೆಯೂ ಜಾರಿತು. ಅಷ್ಟರಲ್ಲಿ ಜನರ ಕಾಲಸಂದಿಯಿಂದ ಒಂದು ಮೇಕೆ ಬಂದು ಆ ಹೂವು ನೆಲ ಮುಟ್ಟುವ ಮೊದಲೇ ಬಾಯಿಗೆ ಹಾಕಿಕೊಂಡಿತು.

"ಎಡದ್ದು ಬಿತ್ತು, ಆಗಲ್ಲ" ಎಂದರು ಕೆಲವರು.

"ಎಲ್ಲಿ ಬಿತ್ತು? ಮೇಕೆ ತಿಂತು. ತಿಂದದ್ದು ಲೆಕ್ಕಕ್ಕಿಲ್ಲ" ಎಂದ ಗಿರೀಶ.

"ಮೇಕೆನ ಕಳಿಸಿದ್ದೂ ಅವನೇ ಅಲ್ವಾ?"

ವಾದ ಬೆಳೆಯಿತು. ಕೊನೆಗೆ ಬರಗೇರಮ್ಮ ಕೈಯೆತ್ತಿ, ಮೇಕೆಯ ವಿಚಾರದಲ್ಲಿ ದೇವರ ಮನಸ್ಸು ತನಗೆ ತಿಳಿಯದು, ಆದ್ದರಿಂದ ಇನ್ನೊಂದು ಸಲ ಎಂದಳು. ಮತ್ತೆ ಹೂವು, ಮತ್ತೆ ಮೌನ. ಹೊಳಲ್ಕೆರೆ ಬಸ್ಸು ತಿರುವಿನಲ್ಲಿ ಉದ್ದಕ್ಕೆ ಹಾರನ್ ಹೊಡೆಯುತ್ತ ಮರದ ಪಕ್ಕದಲ್ಲೇ ಹಾದುಹೋಯಿತು. ನೆಲ ನಡುಗಿತು. ಬಲಗಡೆಯ ಹೂವು ಪಟಕ್ಕನೆ ಬಿತ್ತು.

"ಅದು ಬಸ್ಸಿಗೆ ಬಿದ್ದದ್ದು..." ಎಂದು ಯಾರೋ ಶುರುಮಾಡಿದರು. ಪರಮೇಶ್ವರಪ್ಪ ಅಷ್ಟರಲ್ಲಿ ಗುಂಡನ್ನು ಎದೆಗವಚಿಕೊಂಡಾಗಿತ್ತು.

"ದೀಪ ಹಚ್ಚೋ ಹೊತ್ತಿಗೆ ವಾಪಸ್ ಇಲ್ಲಿರ್ಬೇಕು" ಎಂದು ಬರಗೇರಮ್ಮ ಹಿಂದಿನಿಂದ ಕೂಗಿದಳು. "ಬೆಳ್ಳುಳ್ಳಿ ವಾಸ್ನೆ ಇರಬಾರ್ದು. ಗಾಡಿ ಮೇಲೆ ತರಾಂಗಿಲ್ಲ, ನೀನೇ ಹೊತ್ಕೊಂಡು ಬರ್ಬೇಕು."

ಹಿತ್ತಲಲ್ಲಿ ಕೊಟ್ರಮ್ಮ ಹುರಿದ ಹುಚ್ಚೆಳ್ಳು, ಒಣಮೆಣಸಿನಕಾಯಿ, ಸುಟ್ಟ ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪು ಎಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿಟ್ಟಿದ್ದಳು. ಇಟ್ಟು ಒಳಗೆ ಹೋಗಿ ರೊಟ್ಟಿ ತಟ್ಟಲು ಕೂತಳು.

"ಬಾ ಮಾರಾಯ್ತಿ, ರುಬ್ಬು. ಅವರು ಬರೋ ಹೊತ್ತಾಯ್ತು."

"ನನಗೆ ಹೆಗಲು ನೋವು. ಅಲ್ದೆ ಅದು ಅವ್ವನ ಚಟ್ನಿ. ಅವ್ವ ಹೆಂಗೆ ಮಾಡ್ತಿದ್ರೋ ಹಂಗೆ ಮಾಡ್ರಿ" ಎಂದಳು ಕೊಟ್ರಮ್ಮ ಒಳಗಿನಿಂದ.

ಪರಮೇಶ್ವರಪ್ಪ ಲುಂಗಿ ಎತ್ತಿಕಟ್ಟಿ ಕಲ್ಲಿನ ಮುಂದೆ ಕೂತ. ಮೋಟರಿನಲ್ಲಿ ಏನು ಹೇಗೆ ತಿರುಗುತ್ತದೆಂಬುದು ಅವನಿಗೆ ಕಣ್ಣುಮುಚ್ಚಿದರೂ ಗೊತ್ತು. ಗುಂಡು ಮಾತ್ರ ತಿರುಗಲಿಲ್ಲ. ಬಲಕ್ಕೆ ತಳ್ಳಿದರೆ ಮೆಣಸಿನಕಾಯಿ ಎಡಕ್ಕೆ ಹಾರಿತು. ಖಾರದ ಕೈಯಲ್ಲಿ ಕಣ್ಣುಜ್ಜಿಕೊಂಡ. ಬೇಲಿಯಾಚೆ ನಿಂತ ಹುಲಿಗೆಮ್ಮ, "ನೀರು ಚಿಮುಕಿಸು, ಒತ್ತಿ ಹಿಡಿ, ನಿಮ್ಮವ್ವ ಹಂಗಲ್ಲ ಕೂರ್ತಿದ್ದು" ಎಂದು ನಿರ್ದೇಶನ ಕೊಟ್ಟಳು. ಬೆಲ್ಲ ಎಲ್ಲಿ ಎಂದು ಅವನು ತಡಕಾಡಿದ. ತಟ್ಟೆಯಲ್ಲಿ ಬೆಲ್ಲವಿರಲಿಲ್ಲ. ಕೊಟ್ರಮ್ಮನನ್ನು ಕೂಗಬೇಕೆನ್ನುವಷ್ಟರಲ್ಲಿ ಬೀದಿಯಲ್ಲಿ ಕಾರು ನಿಂತ ಸದ್ದಾಯಿತು.

ಪ್ರೊಫೆಸರ್ ಶಿವಕುಮಾರಪ್ಪನವರು ನೇರ ಹಿತ್ತಲಿಗೇ ಬಂದರು. ಹಿಂದೆ ಬೀದಿಯ ಜನ. ಕಣ್ಣೀರು ಸುರಿಸುತ್ತ ಕಲ್ಲಿನ ಮುಂದೆ ಕೂತ ಪರಮೇಶ್ವರಪ್ಪನನ್ನು ಕಂಡು ಅವರಿಗೆ ಹೃದಯ ತುಂಬಿಬಂತು. ಗುಂಡಿನ ತಲೆಯ ಮೇಲೆ ತೊಳೆದರೂ ಹೋಗದ ವಿಭೂತಿ ಕಂಡು ಇನ್ನೂ ತುಂಬಿಬಂತು.

"ಒರಳಿಗೆ ಪೂಜೆ ಮಾಡ್ತೀರಾ ದಿನಾ?"

"ದಿನಾ ಮಾಡ್ತಾರೆ ಸಾ, ಚಪ್ಪಲಿ ಬಿಟ್ಟು" ಎಂದ ಗಿರೀಶ. ಆ ದಿನ ಆಡಿದ ಮಾತುಗಳಲ್ಲಿ ಅದೊಂದು ಅಪ್ಪಟ ನಿಜ.

ಚಾಪೆ ಹಾಸಿದರು. ಕೊಟ್ರಮ್ಮ ಬಿಸಿ ರೊಟ್ಟಿ ತಂದಿಟ್ಟಳು. ಪರಮೇಶ್ವರಪ್ಪ ತಾನೇ ಚಟ್ನಿ ಬಡಿಸಿದ. ಪ್ರೊಫೆಸರು ಕಣ್ಣುಮುಚ್ಚಿ ಮೊದಲ ತುತ್ತು ಬಾಯಿಗಿಟ್ಟರು. ಬೀದಿ ಉಸಿರು ಹಿಡಿಯಿತು. ಅವರು ಅಗಿದರು. ಏನೋ ಕರಕರ ಎಂದಿತು. ನಿಧಾನವಾಗಿ ಕಣ್ಣು ಬಿಟ್ಟರು.

"ಹುಚ್ಚೆಳ್ಳು ಇದೆ. ಖಾರ ಇದೆ. ಆ ಕೊನೆಯ ಸಿಹಿ ಎಲ್ಲಿ ಪರಮೇಶ್ವರಪ್ಪ? ನೀವು ಹೇಳಿದ್ದು ಇದಲ್ಲವಲ್ಲ."

ಪರಮೇಶ್ವರಪ್ಪ ತಾನೂ ಒಂದು ಚೂರು ಬಾಯಿಗೆ ಹಾಕಿಕೊಂಡ. ಅದಲ್ಲ. ಹತ್ತಿರವೂ ಇಲ್ಲ. ಮುನ್ನುಡಿ, ಪುಸ್ತಕ, ಅವ್ವ, ಎಲ್ಲವೂ ಕೈಯಿಂದ ಜಾರುತ್ತಿರುವಂತೆ ಅವನು ತಟ್ಟೆಯನ್ನೇ ನೋಡುತ್ತ ನಿಂತ. ಆ ಮುಖವನ್ನು ಕೊಟ್ರಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಬೆಳಿಗ್ಗೆಯಿಂದ ಬಿಗಿದುಕೊಂಡಿದ್ದ ಅವಳ ಮುಖ ಸಡಿಲವಾಯಿತು. ಒಳಗೆ ಹೋಗಿ ಮುಷ್ಟಿಯಲ್ಲಿ ಏನೋ ಹಿಡಿದು ಬಂದಳು.

"ಸರೀರಿ ಅತ್ಲಾಗೆ" ಎಂದು ಸೆರಗು ಸಿಕ್ಕಿಸಿ ಕಲ್ಲಿನ ಮುಂದೆ ಕೂತಳು. ಉಳಿದ ಚಟ್ನಿಗೆ ಒಂದು ಉಂಡೆ ಬೆಲ್ಲ ಹಾಕಿ, ಎರಡು ಬೆರಳಲ್ಲಿ ನೀರು ಚಿಮುಕಿಸಿ, ಎಡಗೈಯಲ್ಲಿ ತಳ್ಳುತ್ತ ಬಲಗೈಯಲ್ಲಿ ಗುಂಡು ತಿರುಗಿಸಿದಳು. ಗರ ಗರ, ಗರ ಗರ.

ಪರಮೇಶ್ವರಪ್ಪ ಕಿವಿಗೊಟ್ಟ. ಅದೇ ಸದ್ದು. ಮೂರು ಸುತ್ತಿಗೊಮ್ಮೆ ಸಣ್ಣದೊಂದು ತಡೆ, ಬೆರಳಿಂದ ಚಟ್ನಿ ಒಳಕ್ಕೆ ತಳ್ಳಲು ನಿಲ್ಲಿಸಿದ ತಡೆ, ಅದೂ ಅದೇ. ಕೌದಿಯೊಳಗಿಂದ ಅವನು ಕೇಳುತ್ತಿದ್ದ ಬೆಳಗು ಹಿತ್ತಲಿಗೆ ಬಂದು ಕೂತಿತ್ತು.

ಪ್ರೊಫೆಸರು ತಿಂದರು. ಇನ್ನೊಂದು ರೊಟ್ಟಿ ತೆಗೆದುಕೊಂಡರು. ಮೂರನೆಯದರ ನಡುವೆ, "ಇದೇ. ಇದೇ ಕಣಮ್ಮ. ಅತ್ತೆಯವರು ಕಲಿಸಿದ್ದಾ?" ಎಂದರು.

"ಇಲ್ಲ ಸಾ. ಇದು ನಮ್ಮ ಹರಿಯಬ್ಬೆ ಕಡೆ ಪದ್ಧತಿ, ನನ್ನ ತವರಿಂದು. ನಮ್ಮತ್ತೆಗೆ ಬೆಲ್ಲ ಆಗ್ತಿರಲಿಲ್ಲ. ನಾನು ಬಂದಾಗ ಅವರಿಗೆ ಮಣಿಕಟ್ಟು ನೋವು. ರುಬ್ಬೋ ಕೆಲಸ ನನ್ನ ಪಾಲಿಗೆ ಬಂತು, ಜೊತೆಗೆ ಬೆಲ್ಲನೂ ಬಂತು."

"ನಾನು ಹೇಳಲಿಲ್ವಾ" ಎಂದಳು ಬೇಲಿಯಾಚೆಯಿಂದ ಹುಲಿಗೆಮ್ಮ.

"ಆದರೆ ಅವ್ವನೇ ಬಡಿಸ್ತಿದ್ಲಲ್ಲ" ಎಂದ ಪರಮೇಶ್ವರಪ್ಪ. ದನಿ ಸಣ್ಣದಾಗಿತ್ತು.

"ಈ ಮನ್ಯಾಗೆ ಹೊಸ ಸೊಸೆ ಅಡುಗೆಮನೆ ಬಿಟ್ಟು ನಡುಮನೆಗೆ ಬರಂಗಿರಲಿಲ್ಲ. ಗಂಡಸರಿಗೆ ಬಡಿಸೋದು ಅತ್ತೆ ಕೆಲಸ. ಅವರು ಬಡಿಸಿದ್ರು, ನೀವು ಹೊಗಳಿದ್ರಿ, ಅವರು ಖುಷಿಪಟ್ರು. ನಾನು ಬಾಗಿಲ ಸಂದಿನಾಗೆ ನಿಂತು ಕೇಳಿಸ್ಕಂತಿದ್ದೆ. ನನಗೂ ಖುಷಿನೇ ಆಗ್ತಿತ್ತು, ಸುಳ್ಳು ಯಾಕೆ ಹೇಳ್ಲಿ." ಕೊಟ್ರಮ್ಮ ಕೈ ತೊಳೆದುಕೊಂಡು ಎದ್ದಳು. "ಬೆಳಗಿನ ಜಾವ ಕಲ್ಲಿನ ಸದ್ದು ಕೇಳ್ತಿತ್ತು ಅಂತ ಊರಿಗೆಲ್ಲ ಹೇಳಿದ್ರಿ. ಆ ಹೊತ್ತಿನಾಗೆ ನಾನು ಪಕ್ಕದಾಗೆ ಇಲ್ಲ, ಎಲ್ಲಿಗೆ ಹೋಗ್ಯಾಳೆ ಅಂತ ಒಂದಿನನಾದ್ರೂ ನೋಡಿದ್ರಾ?"

ಪರಮೇಶ್ವರಪ್ಪನಿಗೆ ಮತ್ತೆ ಕಣ್ಣು ಉರಿಯಿತು. ಈ ಸಲ ಖಾರ ಕಾರಣವಾಗಿರಲಿಲ್ಲ.

ಪ್ರೊಫೆಸರು ಕೈತೊಳೆದು ಕನ್ನಡಕ ಒರೆಸಿದರು. "ಮುನ್ನುಡಿ ಬರೀತೀನಿ ಪರಮೇಶ್ವರಪ್ಪ, ಕೊಟ್ಟ ಮಾತು. ಆದರೆ ಪುಸ್ತಕದಲ್ಲಿ ಯಾವುದು ಅವ್ವನದು, ಯಾವುದು ಇವರದು ಅಂತ ಮೊದಲು ಕೇಳಿಕೊಂಡು ತಿದ್ದಿ" ಎಂದು ಹೇಳಿ, ಕೊಟ್ರಮ್ಮನಿಗೆ ಕೈಮುಗಿದು ಕಾರು ಹತ್ತಿದರು. ಹೋಗುವಾಗ ಒಂದು ಡಬ್ಬಿ ಚಟ್ನಿ ಕಟ್ಟಿಸಿಕೊಂಡರು.

ಇಳಿಹೊತ್ತಿನಲ್ಲಿ ಗಂಡ ಹೆಂಡತಿ ಜಗಲಿಯ ಮೇಲೆ ಕೂತರು. ಪರಮೇಶ್ವರಪ್ಪ 'ಅವ್ವನ ಕಾಲ'ದ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ನು ಬಿಚ್ಚಿದ.

"ಹೋಗ್ಲಿ, ಚಟ್ನಿ ನಿಂದು. ಕೌದಿ? ಆ ಕೆಂಪು ಅಂಚಿನ ಕೌದಿ ಅವ್ವ ಹೊಲಿದದ್ದು ತಾನೇ?"

"ನನ್ನ ಹಳೇ ಸೀರೆ ಅಂಚು ಅದು. ಗುರುತು ಸಿಗಲಿಲ್ವಾ?"

ಒಂದು ಅಧ್ಯಾಯದ ಮೇಲೆ ಗೀಟೆಳೆದ. "ಸಂತೆಯಿಂದ ಬಂದ ತಕ್ಷಣ ಕೊಡ್ತಿದ್ದ ಪಾನಕ?"

"ಲೋಟ ಕೊಡ್ತಿದ್ದು ಅತ್ತೆ."

ಇನ್ನೊಂದು ಗೀಟು. "ಜ್ವರ ಬಂದಾಗ ರಾತ್ರಿಯೆಲ್ಲ ಹಣೆಗೆ ಒದ್ದೆಬಟ್ಟೆ ಹಾಕಿದ್ದು?"

ಕೊಟ್ರಮ್ಮ ನಕ್ಕಳು. ಪ್ರತಿ ಹಾಳೆಯಲ್ಲೂ ಇದೇ ಕತೆ. ಹಾಳೆಗಳು ಮುಗಿಯುತ್ತ ಬಂದವು.

"ಹಂಗಾರೆ ನಮ್ಮವ್ವ ಏನೇ ಮಾಡ್ತಿದ್ಲು?" ಎಂದು ಕೇಳಿದ ದಿಕ್ಕುತೋಚದೆ.

"ನನಗೆ ಉಣ್ಣಾಕೆ ಇಟ್ಟು ಆಮೇಲೆ ತಾನು ಉಣ್ತಿದ್ರು. ನೀವು ಬೈದ್ರೆ ನಿಮಗೆ ಬೈತಿದ್ರು. ಅದನ್ನ ಬರಕಳ್ರಿ. ಅದು ನಿಮಗೆ ಗೊತ್ತಿಲ್ಲ."

ಅವನು ಅದನ್ನು ಬರೆದುಕೊಳ್ಳುವಷ್ಟರಲ್ಲಿ ಫೋನು ಬಂತು. ಪ್ರೊಫೆಸರು. ಪರಮೇಶ್ವರಪ್ಪ ಸ್ಪೀಕರಿಗೆ ಹಾಕಿದ.

"ಮುನ್ನುಡಿ ದಾರಿಯಲ್ಲೇ ಬರೆದು ಮುಗಿಸಿದೆ. ಪ್ರಕಾಶಕರ ಹತ್ತಿರವೂ ಮಾತಾಡಿದೆ, ಒಪ್ಪಿದ್ದಾರೆ. ತಿಂಗಳೊಳಗೆ ಪುಸ್ತಕ."

ಪರಮೇಶ್ವರಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. "ನಿಮ್ಮ ಋಣ ಹೆಂಗೆ ತೀರಿಸಲಿ ಸಾರ್."

"ನೀವೇ ಕೂತು ಬರೆದುಕೊಳ್ಳಬೇಕು, ಅದೇ ಋಣ. ಅವರು ಹೇಳ್ತಾ ಹೋಗಲಿ, ನೀವು ಬರೀತಾ ಹೋಗಿ. ನಿಮ್ಮ ಅಕ್ಷರ ದುಂಡಗಿದೆ. ಪುಸ್ತಕದ ಹೆಸರು 'ಬಾಗಿಲ ಸಂದಿ'. ಲೇಖಕಿ, ತಾಳ್ಯದ ಕೊಟ್ರಮ್ಮ. ಸ್ವಲ್ಪ ಅವರಿಗೆ ಫೋನು ಕೊಡ್ತೀರಾ?"

ಫೋನು ಕೈ ಬದಲಾಯಿತು. ಮುಂದಿನ ಸಮ್ಮೇಳನ ಹಿರಿಯೂರಿನಲ್ಲಿ. ಅವರ ತವರಿನ ತಾಲ್ಲೂಕು. ಅವರು ಬಂದು ಮಾತಾಡಬೇಕು, ವೇದಿಕೆಯ ಮೇಲೆ ಚಟ್ನಿ ರುಬ್ಬಬೇಕು.

"ಬರ್ತೀನಿ ಸಾ" ಎಂದಳು ಕೊಟ್ರಮ್ಮ. "ಹರಿಯಬ್ಬೆಯವ್ರೂ ಬರ್ತಾರೆ ಬಿಡ್ರಿ... ಹೂಂ... ಇವ್ರಾ? ಇವ್ರೂ ಬರ್ತಾರೆ. ಗುಂಡು ಹೊರಾಕೆ ಯಾರಾದ್ರೂ ಬೇಕಲ್ಲ."

ಬೀದಿಯ ಕೊನೆಯಿಂದ ಬರಗೇರಮ್ಮನ ಕೂಗು ಕೇಳಿಸಿತು. ದೀಪ ಹಚ್ಚುವ ಹೊತ್ತಾಗಿತ್ತು. ಪರಮೇಶ್ವರಪ್ಪ ಎದ್ದು ಗುಂಡನ್ನು ತೊಳೆದು ಹೆಗಲಿಗೇರಿಸಿದ. ಹೆಗಲು ಒತ್ತಿತು. ಕೊಟ್ರಮ್ಮ ಸುತ್ತ ನೋಡಿ ಗೂಟದಲ್ಲಿದ್ದ ಸಮ್ಮೇಳನದ ಶಾಲನ್ನು ತೆಗೆದು ಸಿಂಬೆ ಸುತ್ತಿ ಗುಂಡಿನ ಕೆಳಗೆ ಇಟ್ಟಳು. ಆಮೇಲೆ ಬಾಗಿಲು ಎಳೆದುಕೊಂಡು, ಹಣತೆ ಹಿಡಿದು ಮುಂದೆ ನಡೆದಳು.

ಅವನು ಹಿಂದೆ ನಡೆದ. ಎದೆಯ ಮೇಲಿನ ಬ್ಯಾಡ್ಜು ಇನ್ನೂ ಹಾಗೇ ಇತ್ತು.